ನಗುವ ಮೊದಲು ಕಚ್ಚಿ ನೋಡಿ: ಸೊಟ್ಟ ಹಲ್ಲು, ಉಬ್ಬು ಹಲ್ಲು, ಕೂಡದ ದವಡೆಗಳ ಬಗ್ಗೆ

ಹಲ್ಲಿಗೆ ಕ್ಲಿಪ್ ಹಾಕಿಸಬೇಕಾ ಬೇಡ್ವಾ ಅನ್ನುವ ಪ್ರಶ್ನೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ, ಕನ್ನಡಿ ಮುಂದೆ ನಿಂತು ನಗುವುದು. ನಕ್ಕಾಗ ಕಾಣುವುದು ಮೇಲಿನ ಸಾಲಿನ ಆರೋ ಎಂಟೋ ಹಲ್ಲು. ಅವು ನೆಟ್ಟಗಿದ್ದರೆ ಸಮಾಧಾನ, ಸೊಟ್ಟಗಿದ್ದರೆ ಚಿಂತೆ. ಆದರೆ ಆರ್ಥೊಡಾಂಟಿಸ್ಟ್ ಹತ್ತಿರ ಹೋಗಿ ನೋಡಿ. ಹಲ್ಲು ಮತ್ತು ದವಡೆಯ ಹೊಂದಾಣಿಕೆಯನ್ನೇ ವಿಶೇಷವಾಗಿ ಓದಿಕೊಂಡ ಈ ದಂತವೈದ್ಯರು ಕುರ್ಚಿಯಲ್ಲಿ ಕೂರಿಸಿದ ಮೇಲೆ 'ಹಿಂದಿನ ಹಲ್ಲು ಕಚ್ಚಿ' ಅನ್ನುತ್ತಾರೆ. ಆಮೇಲೆ ಕೆನ್ನೆಯನ್ನು ಪಕ್ಕಕ್ಕೆ ಎಳೆದು, ದವಡೆ ಹಲ್ಲುಗಳು ಒಂದರ ಮೇಲೊಂದು ಹೇಗೆ ಕೂತಿವೆ ಅಂತ ಎರಡೂ ಬದಿ ನೋಡುತ್ತಾರೆ. ನಗುವಾಗ ಯಾರಿಗೂ ಕಾಣದ ಜಾಗ ಅದು.

ಅವರು ಅಲ್ಲಿ ಹುಡುಕುವುದು ಎರಡು ಪ್ರಶ್ನೆಗೆ ಉತ್ತರ. ಮೇಲಿನ ಸಾಲು ಮತ್ತು ಕೆಳಗಿನ ಸಾಲು ಒಂದಕ್ಕೊಂದು ಸರಿಯಾಗಿ ಕೂರುತ್ತಿವೆಯಾ? ಕೂರುತ್ತಿಲ್ಲ ಅಂದರೆ ತೊಂದರೆ ಇರುವುದು ಹಲ್ಲು ನಿಂತ ಜಾಗದಲ್ಲಾ, ಇಲ್ಲ ಹಲ್ಲನ್ನು ಹಿಡಿದಿರುವ ದವಡೆ ಮೂಳೆಯ ಅಳತೆಯಲ್ಲಾ? ಈ ಎರಡನೇ ಪ್ರಶ್ನೆ ತುಂಬಾ ಮುಖ್ಯ. ಯಾಕಂದರೆ ಹಲ್ಲನ್ನು 14ನೇ ವಯಸ್ಸಿಗೂ ಸರಿಸಬಹುದು, 40ಕ್ಕೂ ಸರಿಸಬಹುದು. ದವಡೆಯ ಬೆಳವಣಿಗೆಯನ್ನು ತಿದ್ದುವುದಾದರೆ ಅದು ಬೆಳೆಯುತ್ತಿರುವಾಗಲೇ ತಿದ್ದಬೇಕು. 'ಎಲ್ಲ ಹಲ್ಲೂ ಬರಲಿ, ಆಮೇಲೆ ನೋಡೋಣ' ಅಂತ ಮನೆಯವರು ಕಾಯುತ್ತಾ ಕೂತಾಗ ಕಳೆದುಹೋಗುವುದು ಈ ಸಮಯವೇ. ನನಗೆ ಇದರ ಬಗ್ಗೆ ಬರೆಯಬೇಕು ಅನ್ನಿಸಿದ್ದೂ ಅದಕ್ಕೇ.

ಮೊದಲು ಸರಿಯಾದ ಕಚ್ಚು ಅಂದರೆ ಏನು ಅಂತ ತಿಳಿದುಕೊಳ್ಳೋಣ. ಮೇಲಿನ ಸಾಲು ಕೆಳಗಿನದಕ್ಕಿಂತ ಸ್ವಲ್ಪ ದೊಡ್ಡದು. ಬಾಯಿ ಮುಚ್ಚಿದಾಗ ಅದು ಡಬ್ಬಿಯ ಮುಚ್ಚಳದ ಹಾಗೆ ಸುತ್ತಲೂ ಕೆಳಗಿನ ಸಾಲಿನ ಹೊರಗೆ ಬಂದು ಕೂರುತ್ತದೆ. ಮುಂದೆ ನೋಡಿದರೆ, ಮೇಲಿನ ಬಾಚಿ ಹಲ್ಲುಗಳು ಕೆಳಗಿನವುಗಳಿಗಿಂತ 2ರಿಂದ 3 ಮಿಲಿಮೀಟರ್ ಮುಂದಿರುತ್ತವೆ. ಇದಕ್ಕೆ ಓವರ್‌ಜೆಟ್ ಅನ್ನುತ್ತಾರೆ. ಮತ್ತೆ ಕೆಳಗಿನ ಹಲ್ಲಿನ ಎತ್ತರದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮೇಲಿನ ಹಲ್ಲು ಮುಚ್ಚಿಕೊಂಡಿರುತ್ತದೆ. ಇದು ಓವರ್‌ಬೈಟ್. ಈ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಆದರೆ ಒಂದು ಹಿಂದೆ ಮುಂದೆ ಅಳೆಯುವುದು, ಇನ್ನೊಂದು ಮೇಲೆ ಕೆಳಗೆ ಅಳೆಯುವುದು. ಎರಡೂ ಸ್ವಲ್ಪ ಇರಲೇಬೇಕು, ಜಾಸ್ತಿಯಾದರೆ ಅಥವಾ ಇಲ್ಲದೇ ಹೋದರೆ ತೊಂದರೆ.

ಹಿಂದಿನ ಹಲ್ಲಿನ ಲೆಕ್ಕಕ್ಕೆ ಇವತ್ತಿಗೂ ಬಳಸುವುದು ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಮಾಡಿಕೊಟ್ಟ ವಿಂಗಡಣೆ. ಸುಮಾರು ಆರನೇ ವಯಸ್ಸಿಗೆ ಬರುವ ಮೊದಲ ಖಾಯಂ ದವಡೆ ಹಲ್ಲನ್ನು ಅವರು ಗುರುತಾಗಿ ಇಟ್ಟುಕೊಂಡರು. ಮೇಲಿನ ಆ ಹಲ್ಲಿನ ಹೊರಬದಿಯ ಮುಂದಿನ ಮೊನೆ, ಕೆಳಗಿನ ಜೋಡಿ ಹಲ್ಲಿನ ಹೊರಬದಿಯ ಗೀರಿನೊಳಗೆ ಸರಿಯಾಗಿ ಕೂತರೆ ಕ್ಲಾಸ್ 1. ಕೆಳಗಿನ ಹಲ್ಲು ಹಿಂದಕ್ಕಿದ್ದರೆ ಕ್ಲಾಸ್ 2. ಮುಂದಕ್ಕಿದ್ದರೆ ಕ್ಲಾಸ್ 3. ಡಾಕ್ಟರ್ ಚೀಟಿಯಲ್ಲಿ ಈ ನಂಬರ್ ನೋಡಿ ಇದು ರೋಗದ ಹಂತವೋ ಏನೋ ಅಂತ ಹೆದರಬೇಡಿ. ಅದು ಬರೀ ದಿಕ್ಕು ಹೇಳುತ್ತದೆ. ಕ್ಲಾಸ್ 1 ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲೂ ಅಲ್ಲ. ಹಿಂದಿನ ಹಲ್ಲು ಚೆನ್ನಾಗಿ ಕೂತು, ಮುಂದಿನವು ಒಂದರ ಮೇಲೊಂದು ಹತ್ತಿಕೊಂಡಿರುವುದು ತುಂಬಾ ಮಾಮೂಲಿ.

ಆ ಹತ್ತಿಕೊಂಡ ಹಲ್ಲುಗಳಿಂದಲೇ ಶುರು ಮಾಡೋಣ. ಹಲ್ಲುಗಳ ಒಟ್ಟು ಅಗಲ ಜಾಸ್ತಿ, ಅವು ನಿಲ್ಲಬೇಕಾದ ಮೂಳೆಯ ಕಮಾನು ಚಿಕ್ಕದು, ಅದಕ್ಕೇ ಇಕ್ಕಟ್ಟು. ಜಾಗ ಸಿಗದ ಹಲ್ಲು ತಿರುಗಿ ನಿಲ್ಲುತ್ತದೆ, ಒಳಗೆ ಸರಿಯುತ್ತದೆ, ಇಲ್ಲ ಕೋರೆ ಹಲ್ಲಿನ ಹಾಗೆ ಮೇಲೆ ವಸಡಿನಲ್ಲೇ ಇಣುಕುತ್ತದೆ. ಗಟ್ಟಿ ಆಹಾರ ಅಗಿದು ಬದುಕಿದ ಪ್ರಾಚೀನ ಜನರ ತಲೆಬುರುಡೆಗಳಲ್ಲಿ ಇಷ್ಟು ಇಕ್ಕಟ್ಟು ಕಾಣುವುದಿಲ್ಲ. ಮೆತ್ತಗಿನ ಊಟದಿಂದ ದವಡೆಗೆ ಕೆಲಸ ಕಡಿಮೆಯಾಗಿ ಅದು ಪೂರ್ತಿ ಬೆಳೆಯುತ್ತಿಲ್ಲ ಅನ್ನುವುದು ಹಲವು ಸಂಶೋಧಕರ ವಾದ. ಅನುವಂಶಿಕತೆಯ ಪಾಲೂ ದೊಡ್ಡದೇ.

ಬುದ್ಧಿ ಹಲ್ಲು ಹಿಂದಿನಿಂದ ತಳ್ಳಿ ಮುಂದಿನ ಹಲ್ಲುಗಳನ್ನು ಸೊಟ್ಟ ಮಾಡುತ್ತದೆ ಅಂತ ನೀವು ಕೇಳಿರಬಹುದು. ಈ ನಂಬಿಕೆಗೆ ಸರಿಯಾದ ಆಧಾರ ಸಿಕ್ಕಿಲ್ಲ. ಬುದ್ಧಿ ಹಲ್ಲು ಹುಟ್ಟಲೇ ಇಲ್ಲದವರಲ್ಲೂ, ಕೀಳಿಸಿಕೊಂಡವರಲ್ಲೂ ವಯಸ್ಸಾಗುತ್ತಾ ಕೆಳಗಿನ ಮುಂದಿನ ಹಲ್ಲುಗಳು ಸ್ವಲ್ಪ ಸ್ವಲ್ಪ ಇಕ್ಕಟ್ಟಾಗುತ್ತವೆ. ಬುದ್ಧಿ ಹಲ್ಲು ಕೀಳಿಸಲು ನೋವು, ಕೀವು, ಹುಳುಕು ಇಂಥ ಬೇರೆ ಒಳ್ಳೆಯ ಕಾರಣಗಳು ಇರಬಹುದು. ಮುಂದಿನ ಹಲ್ಲು ನೆಟ್ಟಗಿರಲಿ ಅನ್ನುವುದೊಂದೇ ಕಾರಣ ಆಗಬಾರದು.

ಮಕ್ಕಳ ವಿಷಯಕ್ಕೆ ಬಂದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಏಳೆಂಟು ವರ್ಷದ ಮಗುವಿನ ಕೆಳಗಿನ ಬಾಚಿ ಹಲ್ಲುಗಳು ಒಂದೆರಡು ಮಿಲಿಮೀಟರ್ ಹತ್ತಿಕೊಂಡಿದ್ದರೆ ಗಾಬರಿ ಬೇಡ. ಯಾಕಂದರೆ ಹಾಲು ಹಲ್ಲಿನ ದವಡೆ ಹಲ್ಲುಗಳು ಅವುಗಳ ಜಾಗಕ್ಕೆ ಬರುವ ಖಾಯಂ ಹಲ್ಲುಗಳಿಗಿಂತ ಅಗಲ. ಹಾಲಿನ ಕೋರೆ ಹಲ್ಲು ಮತ್ತು ಅದರ ಹಿಂದಿನ ಎರಡು ದವಡೆ ಹಲ್ಲು ಬಿದ್ದು ಹೊಸವು ಬಂದಾಗ, ಕೆಳ ದವಡೆಯಲ್ಲಿ ಪ್ರತಿ ಬದಿಗೆ ಸುಮಾರು 1.7 ಮಿಲಿಮೀಟರ್, ಮೇಲೆ ಪ್ರತಿ ಬದಿಗೆ ಸುಮಾರು 0.9 ಮಿಲಿಮೀಟರ್ ಜಾಗ ಉಳಿಯುತ್ತದೆ. ದೇಹವೇ ಮೊದಲೇ ಕಾದಿರಿಸಿದ ಜಾಗ ಇದು. ಆದರೆ ಆ ಹಾಲು ಹಲ್ಲು ಹುಳುಕು ಹಿಡಿದು ಬೇಗ ಹೋಯಿತು ಅನ್ನಿ, ಉದಾಹರಣೆಗೆ ಹತ್ತು ಹನ್ನೊಂದು ವರ್ಷದ ತನಕ ಇರಬೇಕಾದ ಹಲ್ಲನ್ನು ಆರನೇ ವರ್ಷಕ್ಕೇ ಕೀಳಬೇಕಾಯಿತು. ಆಗ ಹಿಂದೆ ಹೊಸದಾಗಿ ಬಂದ ಖಾಯಂ ದವಡೆ ಹಲ್ಲು ಖಾಲಿ ಜಾಗಕ್ಕೆ ಸುಮ್ನೆ ಸರಿದು ಬರುತ್ತದೆ. ಕಾದಿರಿಸಿದ ಜಾಗ ಹೋಯಿತು, ಅದರ ಜೊತೆಗೆ ಮುಂದೆ ಬರಬೇಕಾದ ಹಲ್ಲಿನ ಜಾಗವೂ ಹೋಯಿತು. 'ಹಾಲು ಹಲ್ಲು ತಾನೇ, ಹೇಗೂ ಬೀಳುತ್ತೆ' ಅನ್ನುವ ಮಾತು ಎಷ್ಟು ದುಬಾರಿ ಅಂತ ಗೊತ್ತಾಗುವುದು ಇಲ್ಲಿ. ಹಾಗೆ ಬೇಗ ಹಲ್ಲು ಕಳೆದುಕೊಂಡ ಮಗುವಿಗೆ ಸ್ಪೇಸ್ ಮೇಂಟೇನರ್ ಅಂತ ಒಂದು ಸಣ್ಣ ತಂತಿ ಕೂರಿಸುತ್ತಾರೆ. ಹಿಂದಿನ ಹಲ್ಲು ಮುಂದೆ ಬರದ ಹಾಗೆ ತಡೆಯುವುದಷ್ಟೇ ಅದರ ಕೆಲಸ. ಅಗತ್ಯವಿದೆಯಾ ಅಂತ ಕೇಳುವುದನ್ನು ಮರೆಯಬೇಡಿ.

ಇನ್ನೊಂದು ಮಾತು. ಆರನೇ ವಯಸ್ಸಿನ ಆ ದವಡೆ ಹಲ್ಲು ಬರುವಾಗ ಯಾವ ಹಾಲು ಹಲ್ಲೂ ಬೀಳುವುದಿಲ್ಲ. ಎಲ್ಲ ಹಾಲು ಹಲ್ಲುಗಳ ಹಿಂದೆ, ಬಾಯಿಯ ಮೂಲೆಯಲ್ಲಿ, ಸದ್ದಿಲ್ಲದೆ ಬರುತ್ತದೆ. ಅದಕ್ಕೇ ಅದನ್ನೂ ಹಾಲು ಹಲ್ಲು ಅಂದುಕೊಂಡು ಹುಳುಕು ಹಿಡಿಯಲು ಬಿಡುತ್ತಾರೆ. ಇಡೀ ಕಚ್ಚಿಗೆ ಗುರುತಾಗಿರುವ ಹಲ್ಲು ಅದು.

ಹಲ್ಲಿನ ನಡುವೆ ಸಂದಿ ಇರುವುದು ಇಕ್ಕಟ್ಟಿಗೆ ತದ್ವಿರುದ್ಧ ತೊಂದರೆ. ಏಳರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಮೇಲಿನ ಎರಡು ಮುಂದಿನ ಹಲ್ಲುಗಳ ಮಧ್ಯೆ ಸಂದಿ ಬಿಟ್ಟು, ಪಕ್ಕದ ಹಲ್ಲುಗಳು ಹೊರಗೆ ವಾಲಿಕೊಂಡು, ನೋಡಲು ಚೆನ್ನಾಗಿರುವುದಿಲ್ಲ. ಒಳಗೆ ಮೂಳೆಯಲ್ಲಿರುವ ಕೋರೆ ಹಲ್ಲು ಪಕ್ಕದ ಹಲ್ಲಿನ ಬೇರನ್ನು ಒತ್ತುತ್ತಿರುವುದು ಇದಕ್ಕೆ ಕಾರಣ. ಕೋರೆ ಹಲ್ಲು ಕೆಳಗೆ ಇಳಿದು ಬಂದ ಹಾಗೆ, ಅಂದರೆ ಹನ್ನೊಂದು ಹನ್ನೆರಡರ ಹೊತ್ತಿಗೆ, ಸಣ್ಣ ಸಂದಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಅವಸರಪಟ್ಟು ತಂತಿ ಹಾಕಿಸಿ ಆ ಪಕ್ಕದ ಹಲ್ಲನ್ನು ನೆಟ್ಟಗೆ ಮಾಡಹೋದರೆ ಅದರ ಬೇರು ಕೋರೆ ಹಲ್ಲಿಗೆ ತಾಗಿ ಹಾಳಾಗಬಹುದು. ಖಾಯಂ ಕೋರೆ ಹಲ್ಲು ಬಂದ ಮೇಲೂ ಸಂದಿ ಉಳಿದರೆ ಆಗ ಕಾರಣ ಹುಡುಕಬೇಕು. ತುಟಿಯಿಂದ ವಸಡಿಗೆ ಬರುವ ಪಟ್ಟಿ ದಪ್ಪಗಿರಬಹುದು, ಮಧ್ಯದಲ್ಲಿ ಒಂದು ಹೆಚ್ಚುವರಿ ಹಲ್ಲು ಮೂಳೆಯೊಳಗೆ ಅಡಗಿರಬಹುದು, ಪಕ್ಕದ ಹಲ್ಲು ಹುಟ್ಟೇ ಇಲ್ಲದಿರಬಹುದು. ದೊಡ್ಡವರಲ್ಲಿ ಮೊದಲು ಇಲ್ಲದ ಸಂದಿ ಹೊಸದಾಗಿ ಕಾಣಿಸಿಕೊಂಡರೆ ಮಾತ್ರ ಕ್ಲಿಪ್‌ನ ಯೋಚನೆ ಬದಿಗಿಟ್ಟು ಮೊದಲು ವಸಡು ತೋರಿಸಿ. ವಸಡಿನ ಕಾಯಿಲೆಯಲ್ಲಿ ಮೂಳೆ ಕರಗಿ ಹಲ್ಲು ಸಡಿಲವಾದಾಗ ಹೀಗೆ ಆಗುತ್ತದೆ.

ಈಗ ಉಬ್ಬು ಹಲ್ಲು. ಮೇಲಿನ ಹಲ್ಲು ಮುಂದೆ ಬಂದಿದೆ ಅಂತ ಎಲ್ಲರೂ ಹೇಳುವುದು. ಮಗುವನ್ನು ಪಕ್ಕದಿಂದ ನೋಡಿ. ಎಷ್ಟೋ ಸಲ ಮೇಲಿನ ದವಡೆ ಇರಬೇಕಾದ ಜಾಗದಲ್ಲೇ ಇರುತ್ತದೆ, ಗಲ್ಲ ಹಿಂದಕ್ಕೆ ಉಳಿದಿರುತ್ತದೆ. ಅಂದರೆ ಕೆಳ ದವಡೆ ಸಾಕಷ್ಟು ಮುಂದೆ ಬೆಳೆದಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಮೇಲಿನ ಹಲ್ಲೇ ತಪ್ಪಿತಸ್ಥ. ಮೇಲಿನ ಎರಡು ಹಲ್ಲು ಕೀಳಿಸಿ ಮುಂದಿನವನ್ನು ಹಿಂದೆ ತಳ್ಳಿದರೆ ಹಲ್ಲೇನೋ ಒಳಗೆ ಹೋಗುತ್ತದೆ, ಗಲ್ಲ ಅಲ್ಲೇ ಇರುತ್ತದೆ. ಬೆಳವಣಿಗೆ ಮುಗಿದವರಿಗೆ ಅದೇ ಒಳ್ಳೆಯ ದಾರಿ ಆಗಬಹುದು. ಬೆಳೆಯುವ ಮಗುವಿಗೆ ಬೇರೆ ದಾರಿ ಇದೆ. ಕೆಳ ದವಡೆಯನ್ನು ಮುಂದಕ್ಕೆ ಇಟ್ಟುಕೊಂಡೇ ಕಚ್ಚುವ ಹಾಗೆ ಮಾಡುವ ತೆಗೆದು ಹಾಕುವ ಸಾಧನಗಳು ಸಿಗುತ್ತವೆ, ಟ್ವಿನ್ ಬ್ಲಾಕ್ ಅಂಥದ್ದರಲ್ಲಿ ಒಂದು. ಮಕ್ಕಳು ಎತ್ತರಕ್ಕೆ ಬೆಳೆಯುವ ಹದಿಹರೆಯದ ಶುರುವಿನಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಈ ಜಿಗಿತ ಹುಡುಗಿಯರಲ್ಲಿ ಹುಡುಗರಿಗಿಂತ ಮೊದಲೇ ಬರುತ್ತದೆ, ಹಾಗಾಗಿ ಅಣ್ಣನಿಗೆ ಯಾವ ವಯಸ್ಸಿಗೆ ಹಾಕಿಸಿದೆವೋ ತಂಗಿಗೂ ಅದೇ ವಯಸ್ಸಿಗೆ ಅಂತ ಕಾದರೆ ತಡವಾಗುತ್ತದೆ.

ಹಾಗಾದರೆ ಏಳೆಂಟು ವರ್ಷಕ್ಕೇ ಶುರು ಮಾಡಿಬಿಡೋಣವಾ? ಇದರ ಮೇಲೆ ಒಳ್ಳೆಯ ಅಧ್ಯಯನಗಳಾಗಿವೆ. ಚಿಕ್ಕಂದಿನಲ್ಲೇ ಶುರು ಮಾಡಿ ಎರಡು ಕಂತಿನಲ್ಲಿ ಮುಗಿಸಿದ ಮಕ್ಕಳಿಗೂ, ಹದಿಹರೆಯಕ್ಕೆ ಕಾದು ಒಂದೇ ಕಂತಿನಲ್ಲಿ ಮುಗಿಸಿದವರಿಗೂ ಕೊನೆಯ ಫಲಿತಾಂಶದಲ್ಲಿ ಅಂಥ ವ್ಯತ್ಯಾಸ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಬೇಗ ಮಾಡಿದವರಿಗೆ ಲಾಭ: ಮುಂದಿನ ಹಲ್ಲು ಮುರಿದುಕೊಳ್ಳುವುದು ಕಡಿಮೆ. ಹಲ್ಲು ತುಟಿ ಮುಚ್ಚದಷ್ಟು ಮುಂದೆ ಬಂದಿದ್ದರೆ, ಮಗು ಬಿದ್ದಾಗ ಮೊದಲು ನೆಲಕ್ಕೆ ತಾಗುವುದೇ ಅದು. ಓವರ್‌ಜೆಟ್ 3 ಮಿಲಿಮೀಟರ್ ದಾಟಿದ ಮಕ್ಕಳಲ್ಲಿ ಮುಂದಿನ ಹಲ್ಲಿಗೆ ಪೆಟ್ಟಾಗುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಆದ್ದರಿಂದ ಹಲ್ಲು ತುಂಬಾ ಮುಂದಿದ್ದು ಮಗು ಸದಾ ಓಡಾಡಿ ಬೀಳುವಂಥದ್ದಾದರೆ, ಅಥವಾ ಜೊತೆಯ ಮಕ್ಕಳು ಆಡಿಕೊಂಡು ಮಗು ಕುಗ್ಗಿಹೋಗಿದ್ದರೆ, ಬೇಗ ಶುರು ಮಾಡುವುದರಲ್ಲಿ ಅರ್ಥವಿದೆ. ಉಳಿದವರು ನಿಶ್ಚಿಂತೆಯಿಂದ ಕಾಯಬಹುದು. ಈ ಎರಡನೇ ಕಾರಣವನ್ನು ಕೆಲವರು ಹಗುರವಾಗಿ ನೋಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೈ ಅಡ್ಡ ಇಟ್ಟುಕೊಂಡು ನಗುವ ಮಗುವಿನ ನೋವು ಸಣ್ಣದಲ್ಲ.

ಯಾರ ಕಣ್ಣಿಗೂ ಬೀಳದೆ ಉಳಿಯುವುದು ಡೀಪ್ ಬೈಟ್. ಕಚ್ಚಿದಾಗ ಕೆಳಗಿನ ಮುಂದಿನ ಹಲ್ಲು ಪೂರ್ತಿ ಮುಚ್ಚಿಹೋಗುತ್ತದೆ. ನಗು ಚೆನ್ನಾಗೇ ಇರುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೋರಾಗಿರುವವರಲ್ಲಿ ಕೆಳಗಿನ ಹಲ್ಲಿನ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಿನ ವಸಡಿಗೇ ಚುಚ್ಚುತ್ತಿರುತ್ತದೆ. ಕನ್ನಡಿಯಲ್ಲಿ ಬಾಯಿ ತೆರೆದು ನೋಡಿದರೆ ಅಲ್ಲಿ ಹಲ್ಲಿನ ಗುರುತು, ಕೆಂಪಗಾದ ವಸಡು ಕಾಣಬಹುದು. ಹೀಗೆ ಗಾಯವಾಗುತ್ತಿದ್ದರೆ ಅದು ಅಂದಚಂದದ ವಿಷಯವಲ್ಲ, ಚಿಕಿತ್ಸೆ ಬೇಕೇ ಬೇಕು.

ಇದಕ್ಕೆ ಎದುರಾದದ್ದು ಓಪನ್ ಬೈಟ್. ಹಿಂದಿನ ಹಲ್ಲು ಕಚ್ಚಿದರೂ ಮುಂದಿನವು ಕೂಡುವುದೇ ಇಲ್ಲ, ನಡುವೆ ಕಿಂಡಿ. ಇಂಥವರಿಗೆ ಮುಂದಿನ ಹಲ್ಲಿನಿಂದ ಒಂದು ದಾರ ಕಡಿಯಲೂ ಆಗುವುದಿಲ್ಲ, ಕಚ್ಚಿ ತಿನ್ನುವ ಯಾವುದನ್ನೂ ಬಾಯಿಯ ಪಕ್ಕಕ್ಕೆ ತಂದುಕೊಂಡೇ ತಿನ್ನಬೇಕು. ಮಕ್ಕಳಲ್ಲಿ ಇದರ ದೊಡ್ಡ ಕಾರಣ ಬೆರಳು ಚೀಪುವುದು. ಆದರೆ ಇದಕ್ಕೆ ಬೈಯುವುದು, ಬೆರಳಿಗೆ ಖಾರ ಹಚ್ಚುವುದು ಬೇಡ. ಮೂರು ನಾಲ್ಕು ವರ್ಷದ ತನಕ ಇದು ಸಹಜ. ಮುಂದಿನ ಖಾಯಂ ಹಲ್ಲು ಬರುವ ಮೊದಲು, ಅಂದರೆ ಸುಮಾರು ಆರರ ಒಳಗೆ, ಅಭ್ಯಾಸ ಬಿಟ್ಟರೆ ಹೆಚ್ಚಿನ ಸಲ ಕಿಂಡಿ ತಾನಾಗೇ ಮುಚ್ಚುತ್ತದೆ. ಆಮೇಲೂ ಮುಂದುವರಿದರೆ ಮೇಲಿನ ಹಲ್ಲು ಮುಂದೆ ಬಾಗುತ್ತದೆ, ಮೇಲಿನ ದವಡೆ ಕಿರಿದಾಗುತ್ತದೆ. ಎಷ್ಟು ಜೋರಾಗಿ ಚೀಪುತ್ತಾರೆ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಗಂಟೆ ಬೆರಳು ಬಾಯಲ್ಲಿರುತ್ತದೆ ಅನ್ನುವುದು ಹೆಚ್ಚು ಲೆಕ್ಕಕ್ಕೆ ಬರುತ್ತದೆ. ರಾತ್ರಿಯಿಡೀ ಬೆರಳಿಟ್ಟುಕೊಂಡು ಮಲಗುವ ಮಗುವಿನಲ್ಲಿ ಬದಲಾವಣೆ ಜಾಸ್ತಿ. ಮೂಗು ಕಟ್ಟಿಕೊಂಡು ಸದಾ ಬಾಯಲ್ಲಿ ಉಸಿರಾಡುವ ಮಕ್ಕಳಲ್ಲೂ ಹೀಗಾಗುವುದುಂಟು. ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿದ್ದರೆ ಕ್ಲಿಪ್‌ಗಿಂತ ಮೊದಲು ಕಿವಿ ಮೂಗು ಗಂಟಲು ಡಾಕ್ಟರ್ ನೋಡಬೇಕು. ನುಂಗುವಾಗ ನಾಲಿಗೆಯನ್ನು ಹಲ್ಲಿನ ನಡುವೆ ತೂರಿಸುವ ಅಭ್ಯಾಸ ಉಳಿದುಕೊಂಡರೆ ಕ್ಲಿಪ್ ಹಾಕಿ ಮುಚ್ಚಿದ ಕಿಂಡಿ ಮತ್ತೆ ತೆರೆದುಕೊಳ್ಳಬಹುದು. ದೊಡ್ಡವರಲ್ಲಿ ಮೂಳೆಯ ಕಾರಣದಿಂದ ಆದ ಓಪನ್ ಬೈಟ್ ಸರಿಪಡಿಸಲು ಕಷ್ಟವಾದ ತೊಂದರೆಗಳಲ್ಲಿ ಒಂದು.

ಕ್ರಾಸ್ ಬೈಟ್ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಕಾಯಬಾರದ ತೊಂದರೆ ಅಂದರೆ ಇದೇ. ಮೇಲಿನ ಹಲ್ಲು ಹೊರಗೆ ಕೂರಬೇಕಿತ್ತು, ಒಂದು ಕಡೆ ಅದು ಕೆಳಗಿನದರ ಒಳಗೆ ಕೂತುಬಿಟ್ಟಿದೆ. ಹಿಂದಿನ ಹಲ್ಲುಗಳಲ್ಲಿ ಹೀಗಾಗಿದ್ದರೆ ಹೆಚ್ಚಾಗಿ ಮೇಲಿನ ದವಡೆ ಕಿರಿದಾಗಿರುತ್ತದೆ. ಮಗುವಿಗೆ ಬಾಯಿ ಪೂರ್ತಿ ತೆರೆಯಲು ಹೇಳಿ. ಗಲ್ಲ ಮುಖದ ಮಧ್ಯದಲ್ಲೇ ಇರುತ್ತದೆ. ಈಗ ನಿಧಾನವಾಗಿ ಮುಚ್ಚಲು ಹೇಳಿ, ಗಲ್ಲದ ಮೇಲೇ ಕಣ್ಣಿಡಿ. ಹಲ್ಲಿಗೆ ಹಲ್ಲು ತಾಗಿದ ಆ ಕ್ಷಣ ಕೆಳ ದವಡೆ ಸರ್ರನೆ ಒಂದು ಪಕ್ಕಕ್ಕೆ ಜಾರುತ್ತದೆ. ಹಲ್ಲು ನೇರವಾಗಿ ಕೂರಲು ಜಾಗವಿಲ್ಲ, ಅದಕ್ಕೇ ಮಗು ದವಡೆಯನ್ನು ಸರಿಸಿ ಆರಾಮದ ಕಚ್ಚು ಹುಡುಕಿಕೊಂಡಿದೆ. ಪ್ರತಿ ತುತ್ತಿಗೂ ಹೀಗೆ ಜಾರುವ ದವಡೆ ವರ್ಷಗಟ್ಟಲೆ ಹಾಗೇ ಬೆಳೆದರೆ ಎರಡು ಬದಿಯ ಬೆಳವಣಿಗೆಯಲ್ಲಿ ವ್ಯತ್ಯಾಸವಾಗಿ ಮುಖವೇ ಒಂದು ಕಡೆಗೆ ವಾಲಬಹುದು.

ಇದಕ್ಕೆ ಪರಿಹಾರ ಅಂಗುಳಿಗೆ ಕೂರಿಸುವ ಎಕ್ಸ್‌ಪ್ಯಾಂಡರ್. ಮೇಲಿನ ದವಡೆ ಎಡ ಬಲ ಎರಡು ಮೂಳೆಗಳಿಂದ ಆಗಿದೆ. ಅವು ಅಂಗುಳಿನ ಮಧ್ಯದ ಗೆರೆಯಲ್ಲಿ ಕೂಡುತ್ತವೆ, ಬೆಳೆಯುವ ಮಕ್ಕಳಲ್ಲಿ ಆ ಕೂಡುಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಸಾಧನದ ನಡುವಿನ ಸ್ಕ್ರೂಗೆ ಸಣ್ಣ ಕೀ ಹಾಕಿ ಮನೆಯಲ್ಲೇ ತಿರುಗಿಸಬೇಕು. ಸಾಮಾನ್ಯವಾಗಿ ಕಾಲು ಸುತ್ತು ತಿರುಗಿಸಿದರೆ ಕಾಲು ಮಿಲಿಮೀಟರ್ ಅಗಲವಾಗುತ್ತದೆ. ಕೆಲವೇ ದಿನಕ್ಕೆ ಮುಂದಿನ ಎರಡು ಹಲ್ಲಿನ ಮಧ್ಯೆ ದೊಡ್ಡ ಸಂದಿ ಬಿಡುತ್ತದೆ. ಅದನ್ನು ನೋಡಿ ತಾಯಿ ತಂದೆ ಗಾಬರಿಯಾಗುತ್ತಾರೆ, ಆದರೆ ಮೂಳೆ ನಿಜಕ್ಕೂ ತೆರೆದುಕೊಂಡಿದೆ ಅನ್ನುವುದಕ್ಕೆ ಅದೇ ಗುರುತು. ಆ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ, ಸಂದಿ ಕೂಡ ಸ್ವಲ್ಪ ಸಮಯದಲ್ಲಿ ತಾನೇ ಮುಚ್ಚುತ್ತಾ ಬರುತ್ತದೆ. ಸಾಧನವನ್ನು ಮಾತ್ರ ಇನ್ನೂ ಕೆಲವು ತಿಂಗಳು ಬಾಯಲ್ಲೇ ಬಿಡುತ್ತಾರೆ. ಹದಿಹರೆಯ ದಾಟಿದ ಮೇಲೆ ಆ ಗೆರೆ ಗಟ್ಟಿಯಾಗುತ್ತಾ ಹೋಗುತ್ತದೆ. ಆಗ ಮೂಳೆಗೆ ಸಣ್ಣ ಸ್ಕ್ರೂ ಕೂರಿಸಬೇಕಾಗಬಹುದು, ಇಲ್ಲ ಆಪರೇಷನ್ನೇ ಬೇಕಾಗಬಹುದು. ಅದೇ ತೊಂದರೆ, ಅದೇ ಮನುಷ್ಯ. ಎಂಟರಲ್ಲಿ ಕೀ ತಿರುಗಿಸಿದರೆ ಮುಗಿಯುತ್ತಿದ್ದದ್ದು ಇಪ್ಪತ್ತೆಂಟಕ್ಕೆ ಆಪರೇಷನ್ ತನಕ ಹೋಗುತ್ತದೆ.

ಮುಂದಿನ ಹಲ್ಲುಗಳೇ ಉಲ್ಟಾ ಕೂತಿದ್ದರೆ, ಅಂದರೆ ಕೆಳಗಿನವು ಮೇಲಿನವುಗಳ ಮುಂದೆ ಬಂದಿದ್ದರೆ, ಒಂದೆರಡು ಹಲ್ಲಿನದ್ದು ಮಾತ್ರವಾ ಇಲ್ಲ ಇಡೀ ದವಡೆಯದ್ದಾ ಅಂತ ನೋಡುತ್ತಾರೆ. ದವಡೆಯದ್ದಾದರೆ ಅದು ಕ್ಲಾಸ್ 3. ಇದು ಮನೆತನದಲ್ಲಿ ಹರಿದು ಬರುವುದು ಹೆಚ್ಚು. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಚಿತ್ರಗಳಲ್ಲಿ ತಲೆಮಾರುಗಳ ತನಕ ಅದೇ ಮುಂದೆ ಚಾಚಿದ ಗಲ್ಲ ಕಾಣುತ್ತದೆ. 1700ರಲ್ಲಿ ತೀರಿಕೊಂಡ ಸ್ಪೇನಿನ ಎರಡನೇ ಚಾರ್ಲ್ಸ್ ರಾಜನಿಗೆ ಸರಿಯಾಗಿ ಅಗಿಯುವುದೇ ಕಷ್ಟವಿತ್ತು. ಇಲ್ಲೂ ಕೆಳ ದವಡೆ ದೊಡ್ಡದು ಅಂತಲೇ ಅಂದುಕೊಳ್ಳಬೇಕಿಲ್ಲ, ಮೇಲಿನ ದವಡೆ ಹಿಂದೆ ಉಳಿದಿದ್ದರೂ ಮುಖ ಹೀಗೇ ಕಾಣುತ್ತದೆ. ಮೇಲಿನದು ಹಿಂದಿದ್ದರೆ ಹಣೆಗೆ ಮತ್ತು ಗಲ್ಲಕ್ಕೆ ಆನಿಸುವ ಫೇಸ್ ಮಾಸ್ಕ್ ಹಾಕಿ, ರಬ್ಬರ್‌ನಿಂದ ದವಡೆಯನ್ನು ಮುಂದಕ್ಕೆ ಎಳೆಯಬಹುದು. ಹತ್ತು ವರ್ಷದ ಒಳಗೆ ಇದರ ಫಲ ಚೆನ್ನಾಗಿರುತ್ತದೆ. ಕೆಳ ದವಡೆಯೇ ಬೆಳೆಯುತ್ತಾ ಹೋಗುವುದಾದರೆ ಅದನ್ನು ನಿಲ್ಲಿಸುವುದು ಕಷ್ಟ. ಎತ್ತರ ಬೆಳೆಯುವುದು ಹೆಚ್ಚುಕಡಿಮೆ ನಿಂತ ಮೇಲೂ ಕೆಳ ದವಡೆ ಸ್ವಲ್ಪ ಬೆಳೆಯುತ್ತಿರುತ್ತದೆ. ಅದಕ್ಕೇ ಜೋರಾಗಿರುವವರಿಗೆ ಬೆಳವಣಿಗೆ ಪೂರ್ತಿ ನಿಂತಿದೆ ಅಂತ ಖಾತ್ರಿ ಮಾಡಿಕೊಂಡು, ಕ್ಲಿಪ್ ಜೊತೆಗೆ ದವಡೆಯ ಆಪರೇಷನ್ ಮಾಡುತ್ತಾರೆ. ಇಲ್ಲಿ ಕಾಯುವುದೇ ಸರಿ.

ಕಾಣದೆ ತೊಂದರೆ ಕೊಡುವ ಇನ್ನೊಂದು ಹಲ್ಲು ಮೇಲಿನ ಕೋರೆ. ಬಹಳ ಎತ್ತರದಲ್ಲಿ ಹುಟ್ಟಿ, ದೂರ ಇಳಿದು ಬರುವಾಗ ಕೆಲವರಲ್ಲಿ ದಾರಿ ತಪ್ಪುತ್ತದೆ. ಬುದ್ಧಿ ಹಲ್ಲು ಬಿಟ್ಟರೆ ಮೂಳೆಯಲ್ಲಿ ಸಿಕ್ಕಿಹಾಕಿಕೊಳ್ಳುವುದರಲ್ಲಿ ಇದೇ ಮುಂದು. ಸುಮಾರು 2 ಶೇಕಡ ಜನರಲ್ಲಿ ಹೀಗಾಗುತ್ತದೆ, ಹುಡುಗಿಯರಲ್ಲಿ ಹೆಚ್ಚು. ಹತ್ತು ವರ್ಷದ ಮಗುವಿನ ಹಾಲು ಕೋರೆಯ ಮೇಲೆ, ತುಟಿಯ ಒಳಗೆ ಬೆರಳಾಡಿಸಿದರೆ ವಸಡಿನ ಹೊರಬದಿಯಲ್ಲಿ ಒಂದು ಉಬ್ಬು ಸಿಗಬೇಕು, ಎರಡೂ ಕಡೆ. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಎಕ್ಸ್‌ರೇ ತೆಗೆಸುವುದು ಒಳ್ಳೆಯದು. ಬೇಗ ಗೊತ್ತಾದರೆ ಹಾಲು ಕೋರೆ ಕಿತ್ತುಬಿಟ್ಟರೆ ಸಾಕು, ಎಷ್ಟೋ ಸಲ ಒಳಗಿನದು ತಾನೇ ದಾರಿಗೆ ಬರುತ್ತದೆ. ತಡವಾದರೆ ವಸಡು ತೆರೆದು, ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ, ತಿಂಗಳುಗಟ್ಟಲೆ ಎಳೆದು ಸಾಲಿಗೆ ತರಬೇಕು. ಇನ್ನೂ ತಡವಾದರೆ ಅದು ಪಕ್ಕದ ಒಳ್ಳೆಯ ಹಲ್ಲಿನ ಬೇರನ್ನೇ ಸವೆಸಿರಬಹುದು. ನೋವೇ ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಮೂಳೆಯಲ್ಲಿ ನೆಟ್ಟ ಹಲ್ಲು ಸರಿಯುವುದಾದರೂ ಹೇಗೆ? ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಪದರ ಇದೆ, ನಾರುಗಳು, ರಕ್ತನಾಳಗಳು, ಜೀವಕೋಶಗಳು ತುಂಬಿರುವಂಥದ್ದು. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ, ಒತ್ತಡ ಬಿದ್ದ ಬದಿಯಲ್ಲಿ ಮೂಳೆ ಕರಗಿಸುವ ಕೋಶಗಳು ಬಂದು ಕೆಲಸ ಶುರು ಮಾಡುತ್ತವೆ. ಎಳೆತ ಬಿದ್ದ ಬದಿಯಲ್ಲಿ ಹೊಸ ಮೂಳೆ ಕಟ್ಟುವ ಕೋಶಗಳು ದುಡಿಯುತ್ತವೆ. ಹೀಗೆ ಮುಂದೆ ಮೂಳೆ ಕರಗುತ್ತಾ ಹಿಂದೆ ಕಟ್ಟಿಕೊಳ್ಳುತ್ತಾ ಹಲ್ಲು ತನ್ನ ಗೂಡಿನ ಸಮೇತ ಸಾಗುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್. ಜೋರಾಗಿ ಒತ್ತಿದರೆ ಬೇಗ ಆಗುವುದಿಲ್ಲ. ರಕ್ತ ಓಡಾಟ ನಿಂತು ಆ ಕೋಶಗಳೇ ಬರದಂತಾಗಿ ಹಲ್ಲು ಅಲ್ಲೇ ನಿಲ್ಲುತ್ತದೆ, ಬೇರಿಗೂ ಹಾನಿ. 'ಆರು ತಿಂಗಳಲ್ಲಿ ಎಲ್ಲ ಸರಿ' ಅನ್ನುವ ಭರವಸೆಗಳನ್ನು ಈ ಲೆಕ್ಕ ಇಟ್ಟುಕೊಂಡು ನೋಡಿ. ಸಣ್ಣಪುಟ್ಟ ತಿದ್ದುಪಡಿ ಅಷ್ಟರಲ್ಲಿ ಆದೀತು, ಇಡೀ ಕಚ್ಚು ಸರಿಯಾಗಲು ಒಂದೂವರೆ ಎರಡು ವರ್ಷ ಬೇಕಾಗುವುದು ಮಾಮೂಲಿ.

ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಇರಲಿ, ತೆಗೆದು ಹಾಕುವ ಪಾರದರ್ಶಕ ತಟ್ಟೆಯಂಥ ಅಲೈನರ್ ಇರಲಿ, ಒಳಗೆ ನಡೆಯುವ ಕೆಲಸ ಇದೇ. ಅಲೈನರ್‌ನಲ್ಲಿ ಪ್ರತಿ ಜೊತೆಗೆ ಕಾಲು ಮಿಲಿಮೀಟರ್‌ನಷ್ಟು ಸರಿಸುತ್ತಾರೆ, ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಹಾಕದೆ ಡಬ್ಬಿಯಲ್ಲಿಟ್ಟರೆ ಅದು ಏನೂ ಮಾಡುವುದಿಲ್ಲ. ಬ್ರಾಕೆಟ್ ಹಾಕಿಸಿಕೊಂಡವರ ಕಷ್ಟ ಬೇರೆ. ಸುತ್ತ ಸರಿಯಾಗಿ ಉಜ್ಜದಿದ್ದರೆ ಹಲ್ಲಿನ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದು ಹುಳುಕಿನ ಶುರು. ವಸಡಿನ ಕಾಯಿಲೆ, ಹುಳುಕು ಇದ್ದವರು ಅದನ್ನು ಮೊದಲು ಸರಿ ಮಾಡಿಕೊಂಡೇ ಕ್ಲಿಪ್ ಕಡೆ ಬರಬೇಕು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮುಂದಿನ ಹಲ್ಲಿನ ಸಂದಿ ಮುಚ್ಚಲು ಎರಡು ಹಲ್ಲಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಸುತ್ತುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ದಯವಿಟ್ಟು ಮಾಡಬೇಡಿ. ಹಲ್ಲಿನ ಬೇರು ಮೇಲೆ ಹೋದಂತೆ ಸಣ್ಣಗಾಗುತ್ತದೆ, ಹಾಗಾಗಿ ರಬ್ಬರ್ ಜಾರಿ ವಸಡಿನೊಳಗೆ ಹೋಗುತ್ತದೆ. 'ಎಲ್ಲೋ ಬಿದ್ದುಹೋಯಿತು' ಅಂತ ನೀವಂದುಕೊಳ್ಳುತ್ತೀರಿ, ಅದು ಬೇರಿನುದ್ದಕ್ಕೂ ಮೇಲೇರುತ್ತಾ ಹಲ್ಲನ್ನು ಹಿಡಿದ ನಾರು, ಮೂಳೆ ಎಲ್ಲವನ್ನೂ ಹಾಳು ಮಾಡುತ್ತದೆ. ಹುಳುಕೇ ಇಲ್ಲದ ಒಳ್ಳೆಯ ಎರಡು ಹಲ್ಲು ಸಡಿಲವಾಗಿ ಕೀಳಿಸಬೇಕಾಗಿ ಬಂದ ಉದಾಹರಣೆಗಳು ವೈದ್ಯರ ವರದಿಗಳಲ್ಲಿವೆ.

ಯಾವಾಗ ತೋರಿಸಬೇಕು ಅನ್ನುವುದಕ್ಕೆ, ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ ಸಂಘ ಹೇಳುವುದು 7ನೇ ವಯಸ್ಸಿನ ಒಳಗೆ ಒಮ್ಮೆ ಅಂತ. ಆ ವಯಸ್ಸಿಗೆ ಕ್ಲಿಪ್ ಹಾಕಿಸಿ ಅಂತ ಇದರ ಅರ್ಥವಲ್ಲ. ಹೆಚ್ಚಿನ ಮಕ್ಕಳಿಗೆ 'ಸದ್ಯಕ್ಕೆ ಏನೂ ಬೇಡ, ವರ್ಷ ಬಿಟ್ಟು ಬನ್ನಿ' ಅನ್ನುವ ಉತ್ತರವೇ ಸಿಗಬೇಕು. ಹೋದಾಗ ಕೇಳಬೇಕಾದದ್ದು ಇಷ್ಟು: ಇದು ಹಲ್ಲಿನದ್ದಾ ದವಡೆಯದ್ದಾ, ಈಗ ಮಾಡದೆ ಕಾದರೆ ಏನಾಗುತ್ತದೆ, ಹಲ್ಲು ಕೀಳಬೇಕಾದರೆ ಯಾಕೆ, ಕೀಳದಿದ್ದರೆ ಆ ಜಾಗ ಎಲ್ಲಿಂದ ಬರುತ್ತದೆ. ಹಲ್ಲು ಕೀಳುವುದೇ ತಪ್ಪು ಅನ್ನುವವರೂ, ಎಲ್ಲರಿಗೂ ನಾಲ್ಕು ಕೀಳುವವರೂ ನನಗೆ ಒಪ್ಪಿಗೆಯಾಗುವುದಿಲ್ಲ. ಅಳತೆ ನೋಡಿಯೇ ತೀರ್ಮಾನ ಆಗಬೇಕು. ಇನ್ನು ಎಲ್ಲ ಸೊಟ್ಟ ಹಲ್ಲನ್ನೂ ನೆಟ್ಟಗೆ ಮಾಡಲೇಬೇಕು ಅಂತೇನೂ ಇಲ್ಲ. ಕಚ್ಚು ಸರಿಯಾಗಿದ್ದು, ಉಜ್ಜಲು ಸಿಗುತ್ತಿದ್ದು, ನಿಮಗೆ ಬೇಸರವಿಲ್ಲದಿದ್ದರೆ ಕೊಂಚ ತಿರುಗಿದ ಹಲ್ಲು ಹಾಗೇ ಇರಲಿ ಬಿಡಿ.

ಕ್ಲಿಪ್ ತೆಗೆದ ದಿನ ಎಲ್ಲ ಮುಗಿಯಿತು ಅಂತ ಅನ್ನಿಸುತ್ತದೆ. ಆದರೆ ಹಲ್ಲಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ತಿಂಗಳುಗಳು ಬೇಕು. ವಸಡಿನ ಎಳೆತದ ನಾರುಗಳಿಗಂತೂ ವರ್ಷವೇ ಹಿಡಿಯಬಹುದು, ಅಷ್ಟು ದಿನ ಅವು ಹಲ್ಲನ್ನು ಹಳೆಯ ಕಡೆಗೇ ಎಳೆಯುತ್ತಿರುತ್ತವೆ. ಅದಕ್ಕೇ ರಿಟೇನರ್. ಹಲ್ಲಿನ ಹಿಂದೆ ಅಂಟಿಸಿದ ತೆಳು ತಂತಿಯೋ, ರಾತ್ರಿ ಹಾಕುವ ತಟ್ಟೆಯೋ, ಡಾಕ್ಟರ್ ಹೇಳಿದ್ದು. ಮೊದಲ ತಿಂಗಳುಗಳಲ್ಲಿ ಹೆಚ್ಚು ಹೊತ್ತು, ಆಮೇಲೆ ರಾತ್ರಿ ಮಾತ್ರ, ಹಲ್ಲು ಹಾಗೇ ಉಳಿಯಬೇಕು ಅನ್ನುವವರಿಗೆ ವರ್ಷಗಟ್ಟಲೆ. ನಾಲ್ಕು ದಿನ ಬಿಟ್ಟು ಹಾಕಿಕೊಂಡಾಗ ಬಿಗಿ ಅನ್ನಿಸಿದರೆ ಹಲ್ಲು ಸರಿಯಲು ಶುರು ಮಾಡಿದೆ ಅಂತ ತಿಳಿದು ಅವತ್ತಿನಿಂದಲೇ ತಪ್ಪದೆ ಹಾಕಿ. ಕೂರುತ್ತಲೇ ಇಲ್ಲ ಅಂದರೆ ಬಲವಂತವಾಗಿ ಒತ್ತಬೇಡಿ, ಅದೇ ವಾರ ಹೋಗಿ ತೋರಿಸಿ.